ಬಸುರಿಗೆ ಬುದ್ಧಿ ಹೇಳೋರು ಹತ್ತು ಜನ, ಪಾತ್ರೆ ತೊಳೆಯೋರು ಯಾರು?

ಹೋದ ತಿಂಗಳು ಇದೇ ಪುಟದಲ್ಲಿ ಬಾಣಂತನದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು "ಅಕ್ಕಾ, ಬಾಣಂತನದ ಮಾತು ಆಮೇಲೆ ಇರಲಿ, ಈ ಒಂಬತ್ತು ತಿಂಗಳು ದಾಟೋದು ಹೇಗೆ ಅಂತ ಮೊದಲು ಹೇಳಿ" ಅನ್ನುವ ಧಾಟಿಯವು. ಸರಿ, ಈ ಸಲ ಅದೇ ಆಗಲಿ. ಹೊಸಬರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಮೂವತ್ತು ವರ್ಷ ಹಳ್ಳಿಗಳ ಉಪಕೇಂದ್ರಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ, ಊರವರ ಬಾಯಲ್ಲಿ ನರ್ಸಮ್ಮ. ಹಾಗಾಗಿ ಮಾತ್ರೆ ಬದಲಿಸೋದು, ಸ್ಕ್ಯಾನ್ ಓದಿ ಹೇಳೋದು ನನ್ನ ಕೆಲಸವಲ್ಲ. ರಿಪೋರ್ಟಿನ ಫೋಟೊ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ನಿಮ್ಮ ಡಾಕ್ಟರಿಗೇ ತೋರಿಸಿ.

ಪ್ರಶ್ನೆ: ಅಕ್ಕಾ, ನನಗೆ ಈಗ ಮೂರು ತಿಂಗಳು. ಕಂಪನಿ ಕೆಲಸ. ಬೆಳಗ್ಗೆ ಕಣ್ಣು ಬಿಟ್ಟರೆ ವಾಕರಿಕೆ. ಅದಾದರೂ ತಡೆದುಕೊಳ್ಳಬಹುದು. ಅಮ್ಮ, ಅತ್ತೆ, ಆಫೀಸಿನವರು, ಪಕ್ಕದ ಮನೆ ಆಂಟಿ, ಎಲ್ಲರದ್ದೂ ಒಂದೇ ಮಾತು: "ಟೆನ್ಶನ್ ಮಾಡ್ಕೋಬೇಡ, ಖುಷಿಯಾಗಿರು, ಇಲ್ಲಾಂದ್ರೆ ಮಗುವಿಗೆ ತೊಂದರೆ." ಈಗ ನನಗೆ ಟೆನ್ಶನ್ ಆಗ್ತಿದೆ ಅನ್ನೋದೇ ದೊಡ್ಡ ಟೆನ್ಶನ್. ಏನು ಮಾಡಲಿ?
(ಹೆಸರು ಬೇಡ, ಬೆಂಗಳೂರು)

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಕೋಪವೂ ಬಂತು. ಕೋಪ ನಿಮ್ಮ ಮೇಲಲ್ಲ. "ಖುಷಿಯಾಗಿರು" ಅನ್ನೋದು ಬಸುರಿಗೆ ಜನ ಕೊಡುವ ಅತಿ ಅಗ್ಗದ ಉಡುಗೊರೆ, ಕೊಡೋರಿಗೆ ಒಂದು ಪೈಸೆ ಖರ್ಚಿಲ್ಲ.

ಮೊದಲು ಧೈರ್ಯದ ಮಾತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸಿಟ್ಟು ಬಂದದ್ದು, ಮ್ಯಾನೇಜರ್ ಬೈದದ್ದು, ಗಂಡನ ಜೊತೆ ಜಗಳ ಆಗಿ ಒಂದು ರಾತ್ರಿ ಅತ್ತದ್ದು, ಇಂಥ ದಿನನಿತ್ಯದ ಬೇಜಾರಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಈ ಮೂರು ತಿಂಗಳು ಮೈಯೊಳಗೆ ಹಾರ್ಮೋನುಗಳ ಏರಿಳಿತ ಜೋರು, ಸುಮ್ನೆ ಅಳು ಬರುತ್ತದೆ, ಒಗ್ಗರಣೆ ವಾಸನೆಗೆ ಮನೆ ಬಿಟ್ಟು ಓಡಬೇಕು ಅನ್ನಿಸುತ್ತದೆ. ಅದು ನಿಮ್ಮ ತಪ್ಪಲ್ಲ.

ಈಗ ಕೆಲಸದ ಮಾತು. ಒಂದು ಹಾಳೆ ತಗೊಂಡು ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದಿರಿ ಅಂತ ಬರೆಯಿರಿ. ಹಾಲು ಕಾಯಿಸಿದ್ದು, ಡಬ್ಬಿ ಕಟ್ಟಿದ್ದು, ಕ್ಯಾಬಿಗೆ ಕಾದದ್ದು, ರಾತ್ರಿ ಬಂದು ಸಿಂಕಿನಲ್ಲಿ ಬಿದ್ದಿದ್ದ ಪಾತ್ರೆ ತೊಳೆದದ್ದು, ಎಲ್ಲ. ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ: ನಾಳೆಯಿಂದ ಇದನ್ನು ಯಾರು ಮಾಡುತ್ತಾರೆ? ನಿಮ್ಮ ಹೆಸರು ಅರ್ಧಕ್ಕಿಂತ ಜಾಸ್ತಿ ಸಾಲಿನಲ್ಲಿದ್ದರೆ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಯಾರು "ಟೆನ್ಶನ್ ಮಾಡ್ಕೋಬೇಡ" ಅನ್ನುತ್ತಾರೋ ಅವರಿಗೆ ಒಂದು ಸಾಲು ಹಂಚಿ. ತಮಾಷೆ ಮಾಡುತ್ತಿಲ್ಲ. ಮೂವತ್ತು ವರ್ಷದಲ್ಲಿ ನಾನು ಕಂಡ ನೆಮ್ಮದಿಯ ಬಸುರಿಯರು ಸಿರಿವಂತರೇನಲ್ಲ. ಅವರಿಗೆ ನೀರು ಹೊತ್ತು ತರೋರು ಒಬ್ಬರಿದ್ದರು, ಅಷ್ಟೇ.

ವಾಕರಿಕೆಗೆ: ರಾತ್ರಿ ಮಲಗುವಾಗ ತಲೆದಿಂಬಿನ ಪಕ್ಕ ಒಂದು ಡಬ್ಬಿಯಲ್ಲಿ ಕಡಲೆಪುರಿಯನ್ನೋ ರಸ್ಕನ್ನೋ ಇಟ್ಟುಕೊಳ್ಳಿ. ಎಚ್ಚರವಾದ ತಕ್ಷಣ, ಏಳುವ ಮೊದಲೇ, ಎರಡು ಹಿಡಿ ತಿನ್ನಿ. ಹತ್ತು ನಿಮಿಷ ಬಿಟ್ಟು ನಿಧಾನವಾಗಿ ಏಳಿ. ಹೊಟ್ಟೆ ಖಾಲಿ ಬಿಟ್ಟಷ್ಟೂ ವಾಕರಿಕೆ ಜಾಸ್ತಿ, ಆದ್ದರಿಂದ ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ. ಶುಂಠಿ ಹಾಕಿದ ಮಜ್ಜಿಗೆ ಕೆಲವರಿಗೆ ಒಗ್ಗುತ್ತದೆ. ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದೆ, ಎದ್ದರೆ ತಲೆ ಸುತ್ತುತ್ತಿದೆ ಅಂದರೆ ಮನೆಮದ್ದು ಸಾಕು ಮಾಡಿ, ಆಸ್ಪತ್ರೆಗೆ ಹೋಗಿ. ವಾಂತಿ ತಡೆಯಲು ಬಸುರಿಯರಿಗೆ ಕೊಡುವ ಮಾತ್ರೆ ಇದೆ, ಕೇಳೋಕೆ ಸಂಕೋಚ ಬೇಡ.

ಇನ್ನೊಂದು. ಬೇಜಾರು ಎರಡು ವಾರ ಕಳೆದರೂ ಇಳಿಯದಿದ್ದರೆ, ನಿದ್ದೆ ಪೂರ್ತಿ ಹೋದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದು ಟೆನ್ಶನ್ ಅಲ್ಲ, ಕಾಯಿಲೆ. ಅದಕ್ಕೆ ಔಷಧಿ ಇದೆ, ಬಸುರಿಯಾಗಿದ್ದಾಗಲೂ ಕೊಡಬಹುದಾದ ಔಷಧಿ ಇದೆ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ಆರೋಗ್ಯಕ್ಕೆಂದೇ ವಿಭಾಗವಿದೆ, ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುತ್ತಾರೆ.

ಆಫೀಸಿನಲ್ಲಿ ರಜೆ ಕೇಳೋಕೆ ಹಿಂಜರಿಕೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಹೆರಿಗೆ ರಜೆ ಯಾರ ದಯೆಯೂ ಅಲ್ಲ. ಕಾನೂನಿನ ಪ್ರಕಾರ, 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತಗೊಳ್ಳಬಹುದು.

ಪ್ರಶ್ನೆ: ನರ್ಸಕ್ಕಾ, ಇದನ್ನು ಯಾರಿಗೂ ಹೇಳಿಲ್ಲ. ನನಗೆ ಐದು ತಿಂಗಳು. ನಾನು ಬಳಪ ತಿನ್ನುತ್ತೇನೆ. ಮೈದುನನ ಮಗಳ ಬ್ಯಾಗಿನಿಂದ ಕದ್ದು ತಿನ್ನುತ್ತೇನೆ. ಮಳೆ ಬಂದು ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರು. ಅತ್ತೆಗೆ ಗೊತ್ತಾದರೆ ಬೈತಾರೆ. ನನಗೆ ಹುಚ್ಚೇ?
(ಹಿರಿಯೂರು ಕಡೆಯವಳು)

ಉತ್ತರ: ಹುಚ್ಚಲ್ಲ ಕಣಮ್ಮ. ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ, ನನ್ನ ಮಗಳ ವಯಸ್ಸಿರಬೇಕು ನಿನಗೆ.

ಒಂದು ಸಂಗತಿ ಹೇಳುತ್ತೇನೆ. ತೊಂಬತ್ತರ ದಶಕ, ನಾನಿನ್ನೂ ಕೆಲಸಕ್ಕೆ ಹೊಸಬಳು. ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಹುಡುಗಿ ಆರು ತಿಂಗಳ ಬಸುರಿ, ಒಳಗಿನಿಂದ ನೀರು ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಮಾತಾಡುತ್ತಾ ಸೆರಗಿನ ತುದಿಯ ಗಂಟನ್ನು ಬಿಚ್ಚುವುದು, ಕಟ್ಟುವುದು, ಬಿಚ್ಚುವುದು. ದುಡ್ಡಿರಬೇಕು ಅಂದುಕೊಂಡೆ. ಗಂಟು ಜಾರಿ ನೆಲಕ್ಕೆ ಬಿದ್ದಾಗ ನೋಡಿದರೆ ಮುರಿದ ಬಳಪದ ಚೂರುಗಳು, ಜೋಳದ ಕಾಳಿನಷ್ಟು ಸಣ್ಣವು, ಒಂದೊಂದರ ಮೇಲೂ ಹಲ್ಲಿನ ಗುರುತು. ಅವಳು ನೆಲ ನೋಡಿದಳು. ನಾನು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ, ತೊಳೆದ ಅಕ್ಕಿಯ ಬಣ್ಣ. ಆಗ ಬೆರಳಿಗೆ ಚುಚ್ಚಿ ಗಾಜಿನ ಸಣ್ಣ ಕೊಳವೆಯಲ್ಲಿ ರಕ್ತ ತಗೊಂಡು, ಬೆಳಕಿಗೆ ಹಿಡಿದು ಬಣ್ಣ ಹೋಲಿಸಿ ನೋಡುತ್ತಿದ್ದೆವು. ಹಿಮೋಗ್ಲೋಬಿನ್, ಅಂದರೆ ಎಚ್‌ಬಿ, ಏಳೂವರೆ ಇತ್ತು. ಇರಬೇಕಾದದ್ದು ಹನ್ನೊಂದು.

ಮಣ್ಣು, ಬಳಪ, ಗೋಡೆ ಸುಣ್ಣ, ಹಸಿ ಅಕ್ಕಿ, ಮಂಜುಗಡ್ಡೆ, ಇವುಗಳ ಮೇಲೆ ತಡೆಯಲಾರದ ಆಸೆ ಬಂದರೆ ಅದನ್ನು ಬಯಕೆ ಅಂತ ಬಿಡಬಾರದು. ಹೆಚ್ಚಿನ ಸಲ ರಕ್ತದಲ್ಲಿ ಕಬ್ಬಿಣದ ಅಂಶ ಕಮ್ಮಿಯಾಗಿದೆ ಅನ್ನೋದರ ಗುರುತು ಅದು. ನೀನೊಬ್ಬಳೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತಹೀನತೆ ಇತ್ತು. ಬಳಪ ಹೊಟ್ಟೆಗೆ ಹೋದರೆ ಮಲಬದ್ಧತೆ, ಮಣ್ಣು ಹೋದರೆ ಹುಳ, ಹುಳ ಬಂದರೆ ಇದ್ದ ರಕ್ತವೂ ಕಮ್ಮಿ. ಹೀಗೆ ಸುತ್ತುತ್ತದೆ.

ನಾಳೆಯೇ ಆಶಾ ಕಾರ್ಯಕರ್ತೆಗೆ ಹೇಳಿ ಎಚ್‌ಬಿ ಪರೀಕ್ಷೆ ಮಾಡಿಸು. ಅವರಿಗೆ ಬಳಪದ ವಿಷಯವನ್ನೂ ಹೇಳು, ಅವರು ಇದನ್ನು ನೂರು ಸಲ ಕೇಳಿರುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆ, ನಮ್ಮ ಕಡೆ ರಕ್ತದ ಮಾತ್ರೆ ಅನ್ನುತ್ತೇವಲ್ಲ, ಅದು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ಹೆರಿಗೆ ಆದ ಮೇಲೂ 180 ದಿನ. ನಿನ್ನ ಎಚ್‌ಬಿ ತೀರಾ ಕಮ್ಮಿ ಇದ್ದರೆ ದಿನಕ್ಕೆ ಎರಡು ಅನ್ನಬಹುದು, ಇಂಜೆಕ್ಷನ್ ಕೊಡಬಹುದು, ಅದು ಡಾಕ್ಟರ್ ತೀರ್ಮಾನ. ಜಂತುಹುಳದ ಮಾತ್ರೆ ತಗೊಳ್ಳಬೇಕಾ ಅಂತಲೂ ಕೇಳಿ ನೋಡು.

ಮಾತ್ರೆ ಕೊಟ್ಟರೆ ಸಾಲದು, ಅದು ಮೈಗೆ ಹತ್ತಬೇಕು. ಜನ ಎಡವುವುದು ಇಲ್ಲೇ. ಮಾತ್ರೆ ನುಂಗಿದ ಹಿಂದೆಯೇ ಕಾಫಿ, ಟೀ ಕುಡಿದರೆ ಅರ್ಧ ಹಾಳು, ಒಂದು ಗಂಟೆಯಾದರೂ ಅಂತರ ಇರಲಿ. ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಜೊತೆಗಂತೂ ಬೇಡವೇ ಬೇಡ, ಎರಡನ್ನೂ ಒಟ್ಟಿಗೆ ನುಂಗಿ "ಇವತ್ತಿನದು ಮುಗೀತು" ಅನ್ನೋರೇ ಜಾಸ್ತಿ. ಕ್ಯಾಲ್ಸಿಯಂ ಬೆಳಗ್ಗೆ ತಿಂಡಿ ಜೊತೆ, ಮಧ್ಯಾಹ್ನದ ಊಟದ ಜೊತೆ. ರಕ್ತದ ಮಾತ್ರೆ ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು, ನಿಂಬೆಹಣ್ಣಿನ ಪಾನಕದ ಜೊತೆ. ನಿಂಬೆಹುಳಿ ಕಬ್ಬಿಣವನ್ನು ಮೈಗೆ ಎಳೆಯುತ್ತದೆ. ಮಲ ಕಪ್ಪಗಾಗುತ್ತದೆ, ಹೆದರಬೇಡ. ಹೆದರಿ ಮಾತ್ರೆಯನ್ನು ಹಿತ್ತಲಿಗೆ ಎಸೆದವರ ಮನೆಗಳು ನನಗೆ ಗೊತ್ತು, ಗುಡಿಸುವಾಗ ಕೆಂಪು ಕೆಂಪಗೆ ಸಿಗುತ್ತಿದ್ದವು.

ಅತ್ತೆಗೆ ಹೇಳೋದಾ ಬೇಡವಾ? ಹೇಳು. "ರಕ್ತ ಕಮ್ಮಿ ಅಂತ ಡಾಕ್ಟರ್ ಹೇಳಿದ್ದಾರೆ" ಅಂತ ಶುರು ಮಾಡು, ಬಳಪದ ವಿಷಯ ತಾನಾಗಿ ಬರುತ್ತದೆ. ಯಾರಿಗೆ ಗೊತ್ತು, ಅವರೂ ಒಂದು ಕಾಲದಲ್ಲಿ ಗೋಡೆ ಕೆರೆದು ತಿಂದವರೇ ಇರಬಹುದು.

ಪ್ರಶ್ನೆ: ನಾನು ಅತ್ತೆ. ಸೊಸೆಗೆ ಆರು ತಿಂಗಳು. ಎರಡು ಜೀವಕ್ಕೆ ಊಟ ಮಾಡಮ್ಮ ಅಂದರೆ ಒಂದು ಮುದ್ದೆ ಮೇಲೆ ಮುಟ್ಟಲ್ಲ. ಕೇಸರಿ ಹಾಲು ಕೊಟ್ಟರೆ ಬೇಡ ಅಂತಾಳೆ. ಮೊನ್ನೆ ಪಪ್ಪಾಯಿ ಹಣ್ಣು ತಿಂದಳು, ಹೇಳಿದ್ದಕ್ಕೆ ಫೋನಿನಲ್ಲಿ ಏನೋ ತೋರಿಸಿದಳು. ನಾವು ಹೇಳಿದ್ದೆಲ್ಲ ಸುಳ್ಳಾ?
(ಮದ್ದೂರು)

ಉತ್ತರ: ಅಮ್ಮಾ, ನೀವು ಬರೆದದ್ದು ಖುಷಿಯಾಯಿತು. ಅತ್ತೆಯರು ಈ ಪುಟಕ್ಕೆ ಬರೆಯೋದು ಅಪರೂಪ.

ಎಲ್ಲ ಸುಳ್ಳಲ್ಲ. ಪಪ್ಪಾಯಿ ವಿಷಯದಲ್ಲಿ ಅರ್ಧ ನಿಜ ನಿಮ್ಮ ಕಡೆ ಇದೆ. ಕಾಯಿ ಪಪ್ಪಾಯಿ, ಅರೆಹಣ್ಣು ಬೇಡ, ಅದರ ಹಾಲು ಒಳ್ಳೆಯದಲ್ಲ. ಚೆನ್ನಾಗಿ ಹಣ್ಣಾದದ್ದು ಒಂದೆರಡು ಹೋಳು ತಿಂದರೆ ಏನೂ ಇಲ್ಲ. ಕೇಸರಿಯಿಂದ ಮಗು ಬೆಳ್ಳಗಾಗುವುದಿಲ್ಲ. ಬಣ್ಣ ಅಪ್ಪ ಅಮ್ಮನಿಂದ, ಅಜ್ಜ ಅಜ್ಜಿಯಿಂದ ಬರುತ್ತದೆ, ನಿಮ್ಮ ಬಣ್ಣ ಬಂದರೆ ಬೇಜಾರಾ? ಆ ಕೇಸರಿ ದುಡ್ಡಿಗೆ ತಿಂಗಳಿಗಾಗುವಷ್ಟು ಮೊಟ್ಟೆ ಬರುತ್ತದೆ. ಮೊಟ್ಟೆ ತಿನ್ನದ ಮನೆಯಾದರೆ ಹೆಸರುಕಾಳು, ಕಡಲೆಕಾಯಿ.

ಎರಡು ಜೀವ ಸರಿ, ಎರಡು ಹೊಟ್ಟೆ ಅಲ್ಲ. ಆರನೇ ತಿಂಗಳಲ್ಲಿ ಮಾಮೂಲಿಗಿಂತ ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ ಬೇಕು. ಅಂದರೆ ಲೆಕ್ಕಕ್ಕೆ ಒಂದು ಲೋಟ ಹಾಲು, ಒಂದು ರಾಗಿ ರೊಟ್ಟಿ, ಅದರ ಜೊತೆ ಕಾಳಿನ ಪಲ್ಯ. ಅಷ್ಟೇ. ಮಗು ಮೇಲೊತ್ತುತ್ತಿರುವಾಗ ಹೊಟ್ಟೆಗೆ ಜಾಗ ಎಲ್ಲಿ? ಒಂದೇ ಸಲಕ್ಕೆ ಎರಡು ಮುದ್ದೆ ಹಾಕಿದರೆ ಎದೆಯುರಿ ಬರುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಒಂದು ಬಟ್ಟಲು ಉಸಲಿ, ಸಂಜೆ ಹುರಿದ ಕಡಲೆಕಾಯಿ ಬೆಲ್ಲ ಅಂತ ಒಡೆದು ಕೊಡಿ.

ನಿಮ್ಮ ಅಡುಗೆ ಮನೆಯಲ್ಲಿ ಏನು ಕಮ್ಮಿ ಹೇಳಿ. ರಾಗಿಯಷ್ಟು ಕ್ಯಾಲ್ಸಿಯಂ ಇರುವ ಧಾನ್ಯ ಇನ್ನೊಂದಿಲ್ಲ, 100 ಗ್ರಾಮಿನಲ್ಲಿ 300 ಮಿಲಿಗ್ರಾಂ ದಾಟುತ್ತದೆ. ಹುರುಳಿ ಬಸ್ಸಾರು, ದಂಟಿನ ಸೊಪ್ಪು, ನುಗ್ಗೆ ಸೊಪ್ಪಿನ ಪಲ್ಯ, ಮೊಳಕೆ ಕಾಳು ಉಪ್ಪುಸಾರು. ಇದನ್ನೆಲ್ಲ ಬಿಟ್ಟು ಟಿವಿಯಲ್ಲಿ ತೋರಿಸುವ ಡಬ್ಬಿ ಪುಡಿಗೆ ದುಡ್ಡು ಸುರಿಯೋರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನುಗ್ಗೆ ಸೊಪ್ಪು ಉಷ್ಣ ಅಂತ ಬಸುರಿಗೆ ಕೊಡಲ್ಲ ಅನ್ನೋರೂ ಇದ್ದಾರೆ. ಬೇಯಿಸಿದ ಸೊಪ್ಪು ಊಟದ ಜೊತೆ ತಿನ್ನೋದಕ್ಕೆ ಯಾವ ಭಯವೂ ಬೇಡ.

ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೀರಾ? 2017ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆ ಇದೆ. ಬಸುರಿ ಬಾಣಂತಿಯರಿಗೆ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ ಅಂತ ಶುರುವಾದದ್ದು. "ನಮ್ಮ ಸೊಸೆ ಅಂಗನವಾಡಿಗೆ ಹೋಗಿ ಉಣ್ಣಬೇಕಾ" ಅಂತ ಮರ್ಯಾದೆ ಪ್ರಶ್ನೆ ಮಾಡುವ ಮನೆಗಳಿವೆ, ನಿಮ್ಮದು ಹಾಗಿರಲಾರದು. ಅಲ್ಲಿ ಊಟಕ್ಕಿಂತ ದೊಡ್ಡ ಲಾಭ, ಅವಳಂಥದ್ದೇ ನಾಲ್ಕು ಹೊಟ್ಟೆಯವರು ಒಟ್ಟಿಗೆ ಕೂತು ಮಾತಾಡುತ್ತಾರೆ.

ಸೊಸೆ ಫೋನ್ ತೋರಿಸಿದಾಗ ನೀವೂ ಕನ್ನಡಕ ಹಾಕಿಕೊಂಡು ಓದಿ. ಜಗಳ ಅರ್ಧ ಮುಗಿಯುತ್ತದೆ.

ಪ್ರಶ್ನೆ: ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿದರು. 152 ಬಂತು. ನಮ್ಮ ವಂಶದಲ್ಲೇ ಯಾರಿಗೂ ಶುಗರ್ ಇಲ್ಲ. ಲ್ಯಾಬ್ ತಪ್ಪೇ?
(ಶಿವಮೊಗ್ಗ)

ಉತ್ತರ: ತಪ್ಪಿರಲಿಕ್ಕಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿನ ಶುಗರ್ ಅಂತ ಲೆಕ್ಕ. ವಂಶದಲ್ಲಿ ಇಲ್ಲದವರಿಗೂ ಬರುತ್ತದೆ. ಮೊದಲು ಊಟದ ಕ್ರಮ, ನಡಿಗೆ. ಹೆಚ್ಚಿನವರಿಗೆ ಅಷ್ಟರಲ್ಲೇ ಹತೋಟಿಗೆ ಬರುತ್ತದೆ. ಎರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಅನ್ನ ಕಮ್ಮಿ, ಕಾಳು ತರಕಾರಿ ಜಾಸ್ತಿ, ಹಣ್ಣಿನ ರಸದ ಬದಲು ಹಣ್ಣು. ಊಟ ಬಿಡಬೇಡಿ, ಉಪವಾಸ ಇದ್ದು ಶುಗರ್ ಇಳಿಸಲು ಹೋಗಬೇಡಿ.

ಪ್ರಶ್ನೆ: ಮೇಡಂ, ಪತ್ನಿಗೆ ಏಳೂವರೆ ತಿಂಗಳು. ನಾನು ಬೈಕಿನಲ್ಲಿ ನಿಧಾನವಾಗಿ ಕರೆದುಕೊಂಡು ಹೋಗುತ್ತೇನೆ, ಆದರೂ ಮನೆಯಲ್ಲಿ ಬೈಗುಳ. ಬೇಕಾದ ಹಣ್ಣು, ಡ್ರೈಫ್ರೂಟ್ಸ್ ಎಲ್ಲ ತಂದಿದ್ದೇನೆ. ಗಂಡನಾಗಿ ಇನ್ನೇನು ಮಾಡಬೇಕು? (ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇದೆ, ಅದನ್ನು ಅಚ್ಚು ಹಾಕಬೇಡಿ.)
(ಒಬ್ಬ ಗಂಡ, ಹಾಸನ)

ಉತ್ತರ: ಅಚ್ಚು ಹಾಕಲಿಲ್ಲ, ಉತ್ತರ ಮಾತ್ರ ಹಾಕುತ್ತೇನೆ: ಡಾಕ್ಟರ್ ಬೇಡ ಅಂದಿಲ್ಲದಿದ್ದರೆ, ರಕ್ತ ಕಾಣಿಸಿಕೊಂಡಿಲ್ಲದಿದ್ದರೆ, ಅವಳಿಗೆ ಇಷ್ಟವಿದ್ದರೆ, ತೊಂದರೆ ಇಲ್ಲ. ಮೂರನೇ ಷರತ್ತು ಮರೆಯಬೇಡಿ.

ಬೈಕ್ ಕುಲುಕಿದ್ದಕ್ಕೆ ಮಗು ಜಾರುವುದಿಲ್ಲ. ಭಯ ಇರೋದು ಬೀಳುವುದರದ್ದು. ಈ ತಿಂಗಳಲ್ಲಿ ಹೊಟ್ಟೆ ಮುಂದಕ್ಕೆ ಬಂದು ಬ್ಯಾಲೆನ್ಸ್ ತಪ್ಪಿರುತ್ತದೆ, ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರಂತೂ ಒಂದು ಹಂಪ್ ಸಾಕು. ಆಟೋ ಮಾಡಿ. ಕಾರಿನಲ್ಲಾದರೆ ಬೆಲ್ಟ್ ಹಾಕಲೇಬೇಕು, ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರುವ ಹಾಗೆ.

ಡ್ರೈಫ್ರೂಟ್ಸ್ ತಂದದ್ದು ಸರಿ. ಪಾತ್ರೆ ಯಾರು ತೊಳೀತಾರೆ? ಬಾಗಿ ನೆಲ ಒರೆಸೋದು ಯಾರು? "ನಾನು ಹೆಲ್ಪ್ ಮಾಡ್ತೀನಿ" ಅನ್ನಬೇಡಿ, ಹೆಲ್ಪ್ ಅಂದರೆ ಕೆಲಸ ಅವಳದ್ದೇ ಅಂತಾಯಿತು. ರಾತ್ರಿ ಊಟವಾದ ಮೇಲಿನ ಅಡುಗೆ ಮನೆ ಪೂರ್ತಿ ನಿಮ್ಮದು ಅಂತ ಬರೆದಿಡಿ, ಅವಳು ಆ ಕಡೆ ತಲೆ ಹಾಕದ ಹಾಗೆ ನೋಡಿಕೊಳ್ಳಿ. ಚೆಕಪ್ಪಿಗೆ ಹೋದಾಗ ಹೊರಗೆ ಬೈಕ್ ಹತ್ತಿರ ನಿಲ್ಲಬೇಡಿ, ಒಳಗೆ ಹೋಗಿ, ಡಾಕ್ಟರ್ ಹೇಳಿದ್ದನ್ನು ನೀವೂ ಕೇಳಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ, ಖಾಸಗಿಯಲ್ಲಿ ತೋರಿಸುತ್ತಿದ್ದರೂ ಅಲ್ಲಿ ಹೋಗಲು ಅಡ್ಡಿಯಿಲ್ಲ.

ಈಗ ನಿಮ್ಮ ತಲೆಯಲ್ಲಿ ಇರಲೇಬೇಕಾದದ್ದು. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಒಮ್ಮೆಲೇ ಊದಿಕೊಳ್ಳುವುದು, ಮೇಲು ಹೊಟ್ಟೆಯಲ್ಲಿ ನೋವು. ಇವು ಬಿಪಿ ಏರಿದ್ದರ ಗುರುತು, 140/90 ಮುಟ್ಟಿದರೆ ಅದು ಜಾಸ್ತಿಯೇ. ಸಂಜೆ ಹೊತ್ತು ಪಾದ ಸ್ವಲ್ಪ ಊದುವುದು ಮಾಮೂಲು, ಬೆಳಗ್ಗೆ ಎದ್ದಾಗಲೂ ಮುಖ ಊದಿದ್ದರೆ ಮಾಮೂಲಲ್ಲ. ಇನ್ನು ರಕ್ತ ಹೋಗುವುದು, ನೀರು ಒಡೆಯುವುದು, ಜೋರು ಜ್ವರ, ಫಿಟ್ಸ್, ಮಗುವಿನ ಚಲನೆ ಕಮ್ಮಿಯಾಗುವುದು. ಇದರಲ್ಲಿ ಯಾವುದೇ ಒಂದು ಕಂಡರೂ "ಬೆಳಗಾಗಲಿ ನೋಡೋಣ" ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು, ರಕ್ತದ ಗುಂಪಿನ ಚೀಟಿ ಒಂದೇ ಕವರಿನಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ಈಗಲೇ ನೇತುಹಾಕಿ. ರಾತ್ರಿ ಎರಡು ಗಂಟೆಗೆ ಬೀರು ಬೀಗದ ಕೈ ಹುಡುಕುತ್ತಾ ನಿಂತ ಗಂಡಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಅಕ್ಕಾರ, ನನ್ನ ಗಂಡನ ಮನಿ ಬೆಂಗಳೂರಾಗ, ತವರು ವಿಜಯಪುರ. ಏಳು ತಿಂಗಳಿಗೆ ಕುಬಸ (ಸೀಮಂತ) ಮಾಡಿ ಕರಕೊಂಡು ಹೋಗ್ತೀವಿ ಅಂತಾರ. ರಾತ್ರಿ ಪೂರ್ತಿ ಬಸ್ಸು, ಮ್ಯಾಲೆ ಬ್ಯಾಸಗಿ. ಹೋಗಬಹುದಾ?
(ಹೆಸರು ಬೇಡ)

ಉತ್ತರ: ಕುಬಸ ಬಿಡಬೇಡ್ರೀ, ಹಸಿರು ಬಳೆ, ಹೋಳಿಗೆ, ಸುತ್ತ ಗೆಳತಿಯರು, ಇಷ್ಟು ಸಂತೋಷ ಯಾವ ಮಾತ್ರೆಯಲ್ಲೂ ಇಲ್ಲ. ಎರಡು ತಾಸು ಒಂದೇ ಸಮನೆ ಮಣೆ ಮೇಲೆ ಕೂರಿಸದಂತೆ ಮೊದಲೇ ಹೇಳಿಡಿ, ಬೆನ್ನಿಗೆ ಗೋಡೆ ಸಿಗುವ ಜಾಗದಲ್ಲಿ ಕುರ್ಚಿ ಹಾಕಿಸಿಕೊಳ್ಳಿ.

ಬಸ್ಸಿಗಿಂತ ರೈಲು ವಾಸಿ. ಕೆಳಗಿನ ಬರ್ತ್ ಸಿಗುತ್ತದೆ, ಎದ್ದು ಓಡಾಡಬಹುದು, ಶೌಚಾಲಯ ಇದೆ. ಬಸ್ಸಿನಲ್ಲಿ ಮೂತ್ರಕ್ಕೆ ನಿಲ್ಲಿಸೋದಿಲ್ಲ ಅಂತ ನೀರೇ ಕುಡಿಯದೆ ಕೂತು, ಊರು ಮುಟ್ಟುವಷ್ಟರಲ್ಲಿ ಉರಿಮೂತ್ರ ತಂದುಕೊಂಡವರು ಎಷ್ಟೋ. ಎರಡು ಗಂಟೆಗೊಮ್ಮೆ ನಾಲ್ಕು ಹೆಜ್ಜೆ ನಡೆಯಿರಿ, ಕಾಲು ಒಂದೇ ಕಡೆ ಇದ್ದರೆ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ಮಾಸು ಕೆಳಗಿದೆ ಅಂದಿದ್ದರೆ, ಬಿಪಿ ಇದ್ದರೆ, ಅವಧಿಗೆ ಮೊದಲೇ ಹೆರಿಗೆ ಆದ ಇತಿಹಾಸ ಇದ್ದರೆ ಈ ಪ್ರಯಾಣದ ಮಾತೇ ಬೇರೆ.

ತವರಿಗೆ ಹೋದ ವಾರದಲ್ಲೇ ಅಲ್ಲಿನ ಆಶಾ ಹತ್ತಿರ ಹೆಸರು ಹೇಳಿ, ತಾಯಿ ಕಾರ್ಡು ತೋರಿಸಿ, ಹೆರಿಗೆಗೆ ಯಾವ ಆಸ್ಪತ್ರೆ ಅಂತ ಆಗಲೇ ನಿಶ್ಚಯ ಮಾಡಿ. ಅಲ್ಲಿಯದ್ದು ಇಲ್ಲಿಯದ್ದು ಅಂತ ಎರಡರ ಮಧ್ಯೆ ಒಂದು ತಿಂಗಳು ಚೆಕಪ್ಪೇ ತಪ್ಪಿಹೋಗುವುದು ತವರಿಗೆ ಹೋಗುವವರಲ್ಲಿ ತುಂಬಾ ಸಾಮಾನ್ಯ. ಬಿಸಿಲಿಗೆ ಮಜ್ಜಿಗೆ, ಎಳನೀರು, ಅಂಬಲಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಬೇಡ. ಶೇಂಗಾ ಹಿಂಡಿ ಜೊತೆ ಜೋಳದ ರೊಟ್ಟಿ ಹೊಡೆಯಿರಿ, ಚಿಂತೆ ಇಲ್ಲ.

ಒಂದೆರಡು ಸಾಲಿನ ಪ್ರಶ್ನೆಗಳು ರಾಶಿ ಬಂದಿವೆ, ಬೇಗ ಮುಗಿಸುತ್ತೇನೆ.

ಕಾಫಿ ಬಿಡಬೇಕಾ ಅಂತ ಚಿಕ್ಕಮಗಳೂರಿನಿಂದ. ಆ ಊರಿನವರಿಗೆ ಬಿಡಿ ಅಂದರೆ ನನ್ನನ್ನೇ ಬಿಟ್ಟಾರು! ದಿನಕ್ಕೆ ಸಣ್ಣ ಲೋಟದಲ್ಲಿ ಒಂದು, ಹೆಚ್ಚೆಂದರೆ ಎರಡು, ಡಿಕಾಕ್ಷನ್ ತೆಳ್ಳಗಿರಲಿ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಅನ್ನೋದು ಲೆಕ್ಕ.

ಗ್ರಹಣದ ದಿನ ತರಕಾರಿ ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದಾ? ಇಲ್ಲ. ತುಟಿ ಕೂಡಿಕೊಳ್ಳುವುದು ಮೊದಲ ಎರಡು ತಿಂಗಳಲ್ಲೇ ಆಗಿಹೋಗಿರುತ್ತದೆ, ಸೂರ್ಯ ಚಂದ್ರರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಗ್ರಹಣದ ನೆಪದಲ್ಲಿ ಅವತ್ತೊಂದು ದಿನ ಅಡುಗೆ ಮನೆಯಿಂದ ರಜೆ ಸಿಗುವುದಾದರೆ ಸುಮ್ನೆ ತಗೊಳ್ಳಿ. ಊಟ ನೀರು ಮಾತ್ರ ಬಿಡಬೇಡಿ.

ಹೊಟ್ಟೆ ಕೆಳಗಿದ್ದರೆ ಗಂಡು, ಮೇಲಿದ್ದರೆ ಹೆಣ್ಣು, ನಿಜವಾ? ಸುಳ್ಳು. ಸ್ಕ್ಯಾನಿನಲ್ಲಿ ಕೇಳೋದಂತೂ 1994ರ ಕಾಯ್ದೆ ಪ್ರಕಾರ ಅಪರಾಧ, ಹೇಳೋದೂ ಅಪರಾಧ.

ವ್ಯಾಯಾಮ? ದಿನಾ ಅರ್ಧ ಗಂಟೆ ನಡಿಗೆ, ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಯೋಗ ಮಾಡುವವರು ಕಲಿಸುವವರಿಗೆ ಬಸುರಿ ಅಂತ ಮೊದಲೇ ಹೇಳಿ. ಉಸಿರು ಬಿಗಿಹಿಡಿಯುವುದು, ಕಪಾಲಭಾತಿ, ಹೊಟ್ಟೆ ಮೇಲೆ ಭಾರ ಬೀಳುವ ಆಸನ ಬೇಡ. ಐದು ತಿಂಗಳಾದ ಮೇಲೆ ಅಂಗಾತ ಮಲಗಿ ಮಾಡುವವೂ ಬೇಡ.

ಅಂಗಾತ ಅಂದೆನಲ್ಲ, ತುಮಕೂರಿನ ಒಬ್ಬರು ಎಂಟನೇ ತಿಂಗಳಲ್ಲಿ ರಾತ್ರಿ ಎಚ್ಚರವಾದಾಗ ಅಂಗಾತ ಮಲಗಿದ್ದು ನೋಡಿ ಗಾಬರಿಯಾಗಿ ಬೆಳಗಿನವರೆಗೆ ಕೂತೇ ಇದ್ದರಂತೆ. ಅಯ್ಯೋ, ಹಾಗೆ ಮಾಡಬೇಡಿ. ಮಲಗುವಾಗ ಪಕ್ಕಕ್ಕೆ ಮಲಗಿ, ಎಡ ಮಗ್ಗುಲಾದರೆ ಇನ್ನೂ ಒಳ್ಳೆಯದು, ಮಂಡಿಗಳ ಮಧ್ಯೆ ಒಂದು ದಿಂಬು. ನಿದ್ದೆಯಲ್ಲಿ ಹೊರಳಿದರೆ ಎಚ್ಚರವಾದಾಗ ಮತ್ತೆ ತಿರುಗಿದರಾಯಿತು. ಅದೇ ಭಂಗಿಯಲ್ಲಿ ಮಗುವಿನ ಲೆಕ್ಕವನ್ನೂ ಇಡಿ: ಊಟವಾದ ಮೇಲೆ ಎಡಕ್ಕೆ ಮಲಗಿ ಎಣಿಸಿದರೆ ಎರಡು ಗಂಟೆಯೊಳಗೆ ಹತ್ತು ಚಲನೆ ಸಿಗಬೇಕು. ಸಿಗದಿದ್ದರೆ, ಅಥವಾ ದಿನಾ ಇದ್ದ ಹಾಗೆ ಇಲ್ಲ ಅನ್ನಿಸಿದರೆ, ಅವತ್ತೇ ಆಸ್ಪತ್ರೆಗೆ.

ಪ್ರಶ್ನೆ: ಡೇಟ್ ಕೊಟ್ಟು ಎರಡು ದಿನ ಕಳೆಯಿತು, ನೋವಿಲ್ಲ. ದಿನಕ್ಕೆ ಇಪ್ಪತ್ತು ಫೋನು, "ಆಯ್ತಾ? ಇನ್ನೂ ಇಲ್ವಾ?" ಅಂತ. ತಲೆ ಕೆಟ್ಟುಹೋಗಿದೆ ಅಕ್ಕಾ.
(ಉಡುಪಿ)

ಉತ್ತರ: ಆ ಡೇಟ್ ರೈಲಿನ ಟೈಮ್ ಅಲ್ಲ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಬರೆದ ಅಂದಾಜು. ಇಪ್ಪತ್ತು ಹೆರಿಗೆಯಲ್ಲಿ ಒಂದು ಸರಿಯಾಗಿ ಅದೇ ದಿನ ಆದರೆ ಹೆಚ್ಚು. ಚೆಕಪ್ ತಪ್ಪಿಸಬೇಡಿ, ಮಗುವಿನ ಚಲನೆ ಎಣಿಸುತ್ತಿರಿ. 41 ವಾರ ಹತ್ತಿರ ಬಂದರೆ ನೋವು ಬರಿಸುವ ಬಗ್ಗೆ ಡಾಕ್ಟರೇ ಮಾತಾಡುತ್ತಾರೆ. ಹರಳೆಣ್ಣೆ ಕುಡಿದರೆ ಬೇಗ ಆಗುತ್ತೆ ಅನ್ನೋರ ಮಾತು ಕೇಳಬೇಡಿ, ಭೇದಿಯಾಗಿ ಸುಸ್ತಾದ ಮೇಲೆ ಹೆರಿಗೆ ನೋವಿಗೆ ಶಕ್ತಿ ಎಲ್ಲಿಂದ ತರುತ್ತೀರಿ?

ಫೋನನ್ನು ಗಂಡನ ಕೈಗೆ ಕೊಡಿ. "ಆದಾಗ ನಾನೇ ಮಾಡ್ತೀನಿ" ಅಂತ ಆ ಇಪ್ಪತ್ತು ಜನಕ್ಕೂ ಅವರೇ ಉತ್ತರ ಹೇಳಲಿ. ನೀವು ಬಾಗಿಲು ಮುಂದೆ ಮಾಡಿಕೊಂಡು ಎಡಕ್ಕೆ ತಿರುಗಿ ಮಲಗಿ.